ಕಟ್ಟಳೆಯೂ ಬಿರುಗಾಳಿಯೂ: ಒಂದು ತೀರ್ಪಿನ ವಿಮರ್ಶೆ

ರಾಜನ ನಡತೆಗೂ ನಾಡಿನ ಮಳೆಬೆಳೆಗೂ ಸಂಬಂಧವುಂಟೆಂಬ ನಂಬಿಕೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಅರಸು ಧರ್ಮದಿಂದ ಆಳಿದರೆ ತಿಂಗಳಿಗೆ ಮೂರು ಮಳೆಯಾಗುವುದೆಂದೂ, ಅವನು ದಾರಿ ತಪ್ಪಿದರೆ ಅತಿವೃಷ್ಟಿ ಅನಾವೃಷ್ಟಿಗಳೇ ಮೊದಲಾದ ಈತಿಬಾಧೆಗಳು ತಲೆದೋರುವುವೆಂದೂ ಪುರಾಣಗಳು, ಕಾವ್ಯಗಳು, ಹಳ್ಳಿಯ ಹಿರಿಯರ ಮಾತುಗಳು ಒಂದೇ ಧ್ವನಿಯಿಂದ ಹೇಳುತ್ತ ಬಂದಿವೆ. ಹೊಸ ವಿದ್ಯೆಯನ್ನು ಕಲಿತವರು ಇದನ್ನು ಕವಿಸಮಯಗಳ ಸಾಲಿಗೆ ಸೇರಿಸಿ ಸುಮ್ಮನಾದರು. ಆದರೆ ಕಳೆದ ಕೆಲವು ದಶಕಗಳಿಂದ ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ಶಾಸನಸಭೆಗಳನ್ನೂ ನ್ಯಾಯಾಲಯಗಳನ್ನೂ ಹೊಕ್ಕಿದೆ. ಹೊಗೆಯನ್ನು ಉಗುಳುವ ಯಂತ್ರಗಳ ಮೇಲೆ ಸರ್ಕಾರವೊಂದು ಕಟ್ಟಳೆ ವಿಧಿಸಿದರೆ ಬಿರುಗಾಳಿ, ಬಿಸಿಗಾಳಿ, ಮಹಾಪೂರಗಳ ಉಗ್ರತೆ ತಗ್ಗುವುದೆ? ತಗ್ಗುವುದೆಂದು ಒಂದು ಪಕ್ಷ. ಇದು ರಾಜಮಹಿಮೆಯ ಹಳೆಯ ನಂಬಿಕೆಯದೇ ಹೊಸ ಅವತಾರವೆಂದು ಇನ್ನೊಂದು ಪಕ್ಷ.

ಈ ವಾಗ್ವಾದವನ್ನು ಸಮಗ್ರವಾಗಿ ನಿರೂಪಿಸುವುದು ನಮ್ಮ ಉದ್ದೇಶವಲ್ಲ. ಒಂದೇ ಒಂದು ಪಠ್ಯವನ್ನು ಹಿಡಿದು, ಅದರಲ್ಲಿ ಈ ಪ್ರಶ್ನೆಗೆ ದೊರೆತಿರುವ ಉತ್ತರವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದನ್ನು ಪರೀಕ್ಷಿಸುವುದಷ್ಟೇ ಪ್ರಕೃತ ಲೇಖನದ ಪ್ರಯತ್ನ. ಆ ಪಠ್ಯ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು ೨೦೦೭ರ ಏಪ್ರಿಲ್ ೨ರಂದು, ಮ್ಯಾಸಚೂಸೆಟ್ಸ್ ರಾಜ್ಯಕ್ಕೂ ಕೇಂದ್ರ ಸರ್ಕಾರದ ಪರಿಸರ ರಕ್ಷಣಾ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ ಕೊಟ್ಟ ತೀರ್ಪು. ಇದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಪ್ರಚಾರಕನಾದವನು ಎದುರುಪಕ್ಷದ ಮಾತನ್ನು ಕೇಳಿಸಿಕೊಳ್ಳದಂತೆ ಮುಂದೆ ಸಾಗಬಹುದು. ನ್ಯಾಯಾಧೀಶನಿಗೆ ಆ ಸ್ವಾತಂತ್ರ್ಯವಿಲ್ಲ. ಅಲ್ಲದೆ ಈ ತೀರ್ಪಿನಲ್ಲಿ ಬಹುಮತದ ಅಭಿಪ್ರಾಯವೂ ಭಿನ್ನಮತವೂ ಒಂದೇ ಸಂಪುಟದಲ್ಲಿ ಮುಖಾಮುಖಿಯಾಗಿ ನಿಂತಿವೆ. ಪೂರ್ವಪಕ್ಷ ಸಿದ್ಧಾಂತಗಳನ್ನು ಜೊತೆಯಲ್ಲಿಟ್ಟು ಓದುವ ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗಳಿಗೆ ಇಂಥ ಪಠ್ಯ ಅಪರಿಚಿತವೆನಿಸಲಾರದು.

ಮೊದಲು ವ್ಯಾಜ್ಯದ ಸಂಗತಿ. ಮೋಟಾರು ವಾಹನಗಳಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡೇ ಮೊದಲಾದ ಹಸಿರುಮನೆ ಅನಿಲಗಳಿಗೆ ಮಿತಿ ವಿಧಿಸಬೇಕೆಂದು ಕೆಲವು ಸಂಘಗಳು ೧೯೯೯ರಲ್ಲಿ ಆ ಸಂಸ್ಥೆಯನ್ನು ಪ್ರಾರ್ಥಿಸಿದುವು. ೨೦೦೩ರಲ್ಲಿ ಸಂಸ್ಥೆ ಆ ಪ್ರಾರ್ಥನೆಯನ್ನು ತಳ್ಳಿಹಾಕಿತು. ತನಗೆ ಆ ಅಧಿಕಾರವಿಲ್ಲ, ಇದ್ದರೂ ಈಗ ಚಲಾಯಿಸುವುದು ಉಚಿತವಲ್ಲ ಎಂಬುದು ಅದರ ನಿಲುವು. ಮ್ಯಾಸಚೂಸೆಟ್ಸ್ ಮತ್ತಿತರ ರಾಜ್ಯಗಳು ನ್ಯಾಯಾಲಯಕ್ಕೆ ಹೋದುವು. ೨೦೦೫ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಸೋತು, ೨೦೦೭ರಲ್ಲಿ ಐವರಿಗೆ ನಾಲ್ವರ ಬಹುಮತದಿಂದ ಗೆದ್ದುವು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಭಿನ್ನಮತ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರದು. ವಾಯುಮಾಲಿನ್ಯ ಎಂಬ ಶಬ್ದದ ಅರ್ಥವನ್ನು ಕುರಿತು ನ್ಯಾಯಮೂರ್ತಿ ಸ್ಕಾಲಿಯಾ ಬರೆದ ಇನ್ನೊಂದು ಭಿನ್ನಮತವೂ ಉಂಟು. ಅದು ವಾಚಕರನ್ನು ನಗಿಸಬಲ್ಲದಾದರೂ ನಮ್ಮ ವಿಷಯಕ್ಕೆ ಹೊರಗಿನದು.

ಅಮೆರಿಕದ ನ್ಯಾಯಪದ್ಧತಿಯಲ್ಲಿ ದಾವೆ ಹೂಡುವವನು ಮೂರು ಸಂಗತಿಗಳನ್ನು ತೋರಿಸಿಕೊಡಬೇಕು: ತನಗೆ ಹಾನಿಯಾಗಿದೆ, ಆ ಹಾನಿಗೆ ಪ್ರತಿವಾದಿಯ ನಡತೆ ಕಾರಣ, ನ್ಯಾಯಾಲಯ ಕೊಡುವ ಪರಿಹಾರದಿಂದ ಆ ಹಾನಿ ನೀಗುತ್ತದೆ ಅಥವಾ ಕಡಮೆಯಾಗುತ್ತದೆ. ಇವುಗಳಲ್ಲಿ ಮೂರನೆಯದೇ ನಮ್ಮ ಪ್ರಶ್ನೆ. ಇಪ್ಪತ್ತನೆಯ ಶತಮಾನದಲ್ಲಿ ಸಮುದ್ರಮಟ್ಟ ೧೦ರಿಂದ ೨೦ ಸೆಂಟಿಮೀಟರುಗಳಷ್ಟು ಏರಿ ತನ್ನ ಕರಾವಳಿಯ ನೆಲವನ್ನು ನುಂಗತೊಡಗಿದೆ ಎಂಬುದು ರಾಜ್ಯವು ತೋರಿಸಿದ ಮುಖ್ಯ ಹಾನಿ. ಕಾಯುತ್ತಿರುವ ಸಮುದ್ರದಿಂದ ಚಂಡಮಾರುತಗಳು ಉಗ್ರವಾಗಬಹುದೆಂಬ ಮಾತನ್ನೂ ಒಬ್ಬ ವಿಜ್ಞಾನಿಯ ಪ್ರಮಾಣಪತ್ರದ ಮೂಲಕ ಅದು ಮುಂದಿಟ್ಟಿತು. ಇದಕ್ಕೆ ಸಂಸ್ಥೆಯ ಉತ್ತರ ಹೀಗೆ: ನಮ್ಮ ವಾಹನಗಳ ಹೊಗೆಯನ್ನು ಕಡಮೆಮಾಡಿದರೇನು, ಚೀನ ಮತ್ತು ಭಾರತಗಳಂಥ ಬೆಳೆಯುತ್ತಿರುವ ದೇಶಗಳಲ್ಲಿ ಹೆಚ್ಚಲಿರುವ ಹೊಗೆ ಅದನ್ನು ಮುಚ್ಚಿಹಾಕುತ್ತದೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ನಮ್ಮ ಗಾದೆಯನ್ನು ಆ ವಕೀಲರು ಕೇಳಿದ್ದರೆ ಖಂಡಿತ ಬಳಸಿಕೊಳ್ಳುತ್ತಿದ್ದರು.

ಸ್ಟೀವನ್ಸರು ಕೊಟ್ಟ ಸಮಾಧಾನ ಎರಡು ಬಗೆಯದು. ದೊಡ್ಡ ವಿಪತ್ತನ್ನು ಯಾವ ಶಾಸನವೂ ಒಂದೇ ಏಟಿಗೆ ಪರಿಹರಿಸುವುದಿಲ್ಲ, ಹೆಜ್ಜೆಹೆಜ್ಜೆಯಾಗಿಯೇ ಪರಿಹರಿಸುತ್ತದೆ ಎಂಬುದೊಂದು. ಅಮೆರಿಕದ ಸಾರಿಗೆಯೊಂದೇ ೧೯೯೯ರಲ್ಲಿ ೧೭೦ ಕೋಟಿ ಟನ್ನುಗಳಿಗೂ ಮಿಗಿಲಾಗಿ, ಅಂದರೆ ಪ್ರಪಂಚದ ಒಟ್ಟಿನಲ್ಲಿ ಶೇಕಡ ೬ಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೊರಹಾಕಿತಾದುದರಿಂದ ಇದನ್ನು ಅಲ್ಪವೆನ್ನಲಾಗದು ಎಂಬುದು ಇನ್ನೊಂದು. ರಾಬರ್ಟ್ಸರು ಅದೇ ಅಂಕಿಯನ್ನು ಹಿಡಿದು ವಿರುದ್ಧ ದಿಕ್ಕಿಗೆ ತಿರುಗಿಸುತ್ತಾರೆ. ಶೇಕಡ ೬ ಎಂಬುದು ಇಂಗಾಲದ ಡೈಆಕ್ಸೈಡಿನ ಮಾತು. ಎಲ್ಲ ಹಸಿರುಮನೆ ಅನಿಲಗಳನ್ನು ಸೇರಿಸಿದರೆ ಅದು ಶೇಕಡ ೪. ಅದೂ ರಸ್ತೆಯ ಮೇಲಿರುವ ಎಲ್ಲ ವಾಹನಗಳ ಲೆಕ್ಕ. ಕಟ್ಟಳೆಯಾದರೋ ಹೊಸ ವಾಹನಗಳಿಗೆ ಮಾತ್ರ ಅನ್ವಯಿಸತಕ್ಕದ್ದು. ಈ ತೆಳ್ಳನೆಯ ಎಳೆಯಿಂದ ಮ್ಯಾಸಚೂಸೆಟ್ಸಿನ ಮರಳದಂಡೆಯನ್ನು ಕಟ್ಟಿಹಿಡಿಯಲಾದೀತೆ ಎಂಬುದು ಅವರ ಆಕ್ಷೇಪದ ತಾತ್ಪರ್ಯ. ಶುದ್ಧ ಗದ್ಯದ ದೃಷ್ಟಿಯಿಂದ ನೋಡಿದರೆ ಭಿನ್ನಮತವೇ ಹೆಚ್ಚು ಬಿಗಿಯಾಗಿದೆ ಎಂದು ಒಪ್ಪಲೇಬೇಕು. ಕೊಂಡಿಗಳನ್ನು ಒಂದೊಂದಾಗಿ ಎಣಿಸಿ, ಪ್ರತಿಯೊಂದರ ಸಡಿಲನ್ನೂ ತೋರಿಸುವ ಅದರ ಕ್ರಮ ತರ್ಕದ ವಿದ್ಯಾರ್ಥಿಗೆ ಒಳ್ಳೆಯ ಪಾಠ.

ಆದರೂ ತೂಕ ಮಾಡಿದಾಗ ಬಹುಮತದ ಕಡೆಗೇ ತಕ್ಕಡಿ ಬಾಗುತ್ತದೆಂಬುದು ನಮ್ಮ ಅಭಿಪ್ರಾಯ. ಅದು ಬಾಗುವುದು ಸ್ಟೀವನ್ಸರು ಕೊಟ್ಟ ಕಾರಣಗಳಿಂದಲ್ಲ, ಅವರು ಹೇಳದೆ ಬಿಟ್ಟ ಕಾರಣಗಳಿಂದ. ಇದನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸಬೇಕು.

ತೀರ್ಪಿನ ಮುಖ್ಯವಾಕ್ಯವೊಂದರಲ್ಲಿ ಮೂರು ಕ್ರಿಯಾಪದಗಳು ಒಟ್ಟಿಗೆ ಬರುತ್ತವೆ. ಈ ಕಟ್ಟಳೆಯೊಂದರಿಂದಲೇ ಭೂಮಿಯ ಕಾವು ಹಿಂದಿರುಗಲಾರದು, ಅಂದಮಾತ್ರಕ್ಕೆ ಅದನ್ನು ನಿಧಾನಗೊಳಿಸುವ ಅಥವಾ ತಗ್ಗಿಸುವ ಕರ್ತವ್ಯ ಸಂಸ್ಥೆಗೆ ಇದೆಯೇ ಎಂದು ವಿಚಾರಿಸಲು ನಮಗೆ ಅಧಿಕಾರವಿಲ್ಲವೆಂದಾಗದು ಎಂಬುದು ಆ ವಾಕ್ಯದ ಭಾವ. ಹಿಂದಿರುಗಿಸುವುದು, ನಿಧಾನಗೊಳಿಸುವುದು, ತಗ್ಗಿಸುವುದು. ಮೊದಲನೆಯದನ್ನು ಕೈಬಿಟ್ಟು, ಉಳಿದೆರಡನ್ನು 'ಅಥವಾ' ಎಂಬ ಅವ್ಯಯದಿಂದ ಹೊಲಿದು ಮುಂದೆ ನಡೆದಿದ್ದಾರೆ ನ್ಯಾಯಮೂರ್ತಿಗಳು. ಈ ಎರಡು ಕ್ರಿಯೆಗಳು ಒಂದೇ ಅಲ್ಲ. ಓಡುತ್ತಿರುವ ಬಂಡಿಯನ್ನು ನಿಧಾನಗೊಳಿಸಿದರೂ ಅದು ಮುಂದಕ್ಕೇ ಹೋಗುತ್ತಿರುತ್ತದೆ. ನಿನ್ನೆಗಿಂತ ಇಂದು ಕಡಮೆಯಾಯಿತು ಎಂಬ ಹೋಲಿಕೆ ಒಂದು. ಕಟ್ಟಳೆಯಿಲ್ಲದಿದ್ದರೆ ಬರುತ್ತಿದ್ದ ನಾಳೆಗಿಂತ ಬಂದ ನಾಳೆ ಕಡಮೆಯಾಯಿತು ಎಂಬ ಹೋಲಿಕೆ ಇನ್ನೊಂದು. ಮೊದಲನೆಯದರಲ್ಲಿ ಎರಡು ಪದಾರ್ಥಗಳೂ ಕಣ್ಣಿಗೆ ಕಾಣುತ್ತವೆ. ಎರಡನೆಯದರಲ್ಲಿ ಒಂದು ಎಂದೂ ಕಾಣುವುದಿಲ್ಲ, ಅದನ್ನು ಊಹಿಸಬೇಕು. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇದ್ದುದನ್ನು ಇಲ್ಲವಾಗಿಸುವುದು ಪ್ರಧ್ವಂಸ. ಇನ್ನೂ ಹುಟ್ಟದಿರುವುದನ್ನು ಹುಟ್ಟಗೊಡದೆ ಕಾಪಾಡುವುದು ಪ್ರಾಗಭಾವದ ಪರಿಪಾಲನೆ. ಪ್ರಾಗಭಾವವು ಅನಾದಿಯಾದುದರಿಂದ ಅದನ್ನು ಮನುಷ್ಯಪ್ರಯತ್ನದ ಫಲವೆನ್ನಬಹುದೇ ಎಂದು ನಮ್ಮ ಶಾಸ್ತ್ರಕಾರರು ದೀರ್ಘವಾಗಿ ವಾದಿಸಿದ್ದಾರೆ. ಅಮೆರಿಕದ ನ್ಯಾಯಮೂರ್ತಿಗಳು ಎದುರಿಸಿದ್ದು ಬೇರೆ ಉಡುಪಿನ ಅದೇ ವಾದವನ್ನು.

ಈ ಭೇದವು ಬರಿಯ ಶಬ್ದಜಾಲವಲ್ಲ. ವಾಯುಗುಣದ ವಿಜ್ಞಾನವೇ ಅದನ್ನು ಬೇಡುತ್ತದೆ. ಹವೆಯೆಂದರೆ ಇಂದಿನ ಗಾಳಿಮಳೆ; ವಾಯುಗುಣವೆಂದರೆ ಬಹುಕಾಲದ ಹವೆಗಳ ಒಟ್ಟು ಸ್ವಭಾವ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಅದು ಹಿಡಿದುಕೊಳ್ಳಬಲ್ಲ ನೀರಿನ ಆವಿ ಸುಮಾರು ಶೇಕಡ ೭ರಷ್ಟು ಹೆಚ್ಚುತ್ತದೆ; ಸುರಿಯುವ ಮಳೆ ಭಾರಿಯಾಗಲು ಇದೊಂದು ಮುಖ್ಯ ಕಾರಣ. ವಿಶ್ವಸಂಸ್ಥೆಯ ಆಶ್ರಯದಲ್ಲಿ ಕೆಲಸಮಾಡುವ ಅಂತರ-ಸರ್ಕಾರಿ ವಿಜ್ಞಾನ ಮಂಡಲಿಯ ೨೦೨೧ರ ವರದಿಯಂತೆ, ೧೮೫೦ರಿಂದ ೧೯೦೦ರವರೆಗಿನ ಕಾಲದಲ್ಲಿ ಹತ್ತು ವರ್ಷಕ್ಕೊಮ್ಮೆ ತೋರುತ್ತಿದ್ದ ತೀವ್ರತಾಪ, ಭೂಮಿ ೧ ಡಿಗ್ರಿ ಕಾದಾಗ ಹತ್ತು ವರ್ಷದಲ್ಲಿ ೨.೮ ಸಲ ತೋರುತ್ತದೆ, ೧.೫ ಡಿಗ್ರಿಗೆ ೪.೧ ಸಲ, ೨ ಡಿಗ್ರಿಗೆ ೫.೬ ಸಲ, ೪ ಡಿಗ್ರಿಗೆ ೯.೪ ಸಲ. ಈ ಏಣಿಯಲ್ಲಿ ಗಮನಿಸಬೇಕಾದುದು ಅದಕ್ಕೆ ಹೊಸ್ತಿಲಿಲ್ಲವೆಂಬುದು. ಇಲ್ಲಿಯವರೆಗೆ ಕ್ಷೇಮ, ಇಲ್ಲಿಂದಾಚೆ ಪ್ರಳಯ ಎಂದು ಗೆರೆ ಎಳೆಯಲು ಬರುವುದಿಲ್ಲ. ಒಂದೊಂದು ಮೆಟ್ಟಿಲಿಗೂ, ಮೆಟ್ಟಿಲಿನ ಒಂದೊಂದು ಅಂಶಕ್ಕೂ ಅದರದರ ಪಾಲಿನ ಫಲವುಂಟು. ಸಾವಿರ ಶತಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸುಮಾರು ೦.೪೫ ಡಿಗ್ರಿ ಎಂದು ಅದೇ ವರದಿ ಲೆಕ್ಕ ಹಾಕುತ್ತದೆ. ಆದುದರಿಂದ ಅಲ್ಪ ಕಾರಣಕ್ಕೆ ಅಲ್ಪ ಫಲವುಂಟೇ ಹೊರತು, ಅಲ್ಪ ಕಾರಣಕ್ಕೆ ಫಲವೇ ಇಲ್ಲವೆಂಬುದು ನಿಲ್ಲುವುದಿಲ್ಲ. ರಾಬರ್ಟ್ಸರ ಸರಪಣಿ ಮುರಿಯುವುದು ಇಲ್ಲಿ. ಅವರು ಕೊಂಡಿ ತೆಳ್ಳಗಿದೆ ಎಂದು ತೋರಿಸಿದರು. ಅದು ಕಡಿದಿದೆ ಎಂದು ತೋರಿಸಲಿಲ್ಲ.

ಇನ್ನೊಂದು ಕಡೆ, ಕಟ್ಟಳೆಯ ಪಕ್ಷದವರಿಗೂ ಇದೇ ವಿಜ್ಞಾನದಲ್ಲಿ ಒಂದು ಕಹಿ ಇದೆ. ಇಂಗಾಲದ ಡೈಆಕ್ಸೈಡಿನ ಗಣನೀಯ ಭಾಗ ಸಾವಿರಾರು ವರ್ಷ ವಾಯುಮಂಡಲದಲ್ಲಿ ಉಳಿಯುತ್ತದೆ. ಪ್ರಪಂಚವೆಲ್ಲ ಒಟ್ಟಾಗಿ ಅದರ ನಿವ್ವಳ ಉತ್ಸರ್ಜನೆಯನ್ನು ಸೊನ್ನೆಗೆ ಇಳಿಸಿದ ದಿನವೂ ಭೂಮಿಯ ಕಾವು ಹೆಚ್ಚುಕಡಮೆ ಅಲ್ಲೇ ನಿಲ್ಲುವುದೇ ಹೊರತು ಕೆಳಗಿಳಿಯುವುದಿಲ್ಲ. ಹಾಗಾದರೆ ಇಂಗಾಲದ ಮೇಲಣ ಕಟ್ಟಳೆಯು ಇಂದಿನ ಬಿಸಿಗಾಳಿಗಳನ್ನು ನಿನ್ನೆಯ ಅಳತೆಗೆ ತರಲಾರದು. ನಾಳೆಯವನ್ನು ಇನ್ನೂ ಉಗ್ರವಾಗದಂತೆ ತಡೆಯಬಲ್ಲುದು, ಅಷ್ಟೆ. ಈ ಕಾಯಿದೆ ಬಂದರೆ ಬಿರುಗಾಳಿಗಳು ಕಡಮೆಯಾಗುತ್ತವೆ ಎಂದು ವೇದಿಕೆಗಳಿಂದ ಸಾರುವವರು ಪ್ರಾಗಭಾವವನ್ನು ಪ್ರಧ್ವಂಸವೆಂದು ಮಾರುತ್ತಿದ್ದಾರೆ. ಹತ್ತು ವರ್ಷಗಳ ತರುವಾಯ ಬಿಸಿಲು ಇಳಿಯದಿರುವುದನ್ನು ಕಂಡ ಜನ, ಕಟ್ಟಳೆಯೇ ವ್ಯರ್ಥವಾಯಿತೆಂದು ತಿರುಗಿಬಿದ್ದರೆ ಅವರನ್ನು ದೂರುವಂತಿಲ್ಲ.

ತೀರ್ಪಿನ ಅತ್ಯಂತ ದುರ್ಬಲವಾದ ಭಾಗವೂ ಇದೇ ಗೊಂದಲದ ಸಂತಾನ. ಅದು ಹದಿನೆಂಟನೆಯ ಅಡಿಟಿಪ್ಪಣಿ. ೨೦೦೪ರಲ್ಲಿ ಬರೆದ ಆ ವಿಜ್ಞಾನಿಯ ಪ್ರಮಾಣಪತ್ರವು ಚಂಡಮಾರುತಗಳ ಉಗ್ರತೆಯನ್ನೂ, ಲೂಯಿಸಿಯಾನದ ಜೌಗುನೆಲ ಕರಗಿ ನ್ಯೂ ಆರ್ಲಿಯನ್ಸ್ ನಗರಕ್ಕೆ ಒದಗಬಹುದಾದ ಅಪಾಯವನ್ನೂ ಕುರಿತು ಎಚ್ಚರಿಸಿತ್ತು. ೨೦೦೫ರ ಆಗಸ್ಟ್ ೨೯ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿತು. ಬರೆದುದು ಅಕ್ಷರಶಃ ನಡೆದುಹೋಯಿತೆಂಬ ವಿಸ್ಮಯವನ್ನು ನ್ಯಾಯಮೂರ್ತಿಗಳು ಟಿಪ್ಪಣಿಯಲ್ಲಿ ಸೂಚಿಸಿದ್ದಾರೆ. ಓದುಗನ ಮೈ ಜುಮ್ಮೆನ್ನಿಸುವ ಸ್ಥಳವಿದು. ಪ್ರಮಾಣವಾಗಿ ಮಾತ್ರ ನಿಲ್ಲದು. ಒಂದೇ ಒಂದು ಬಿರುಗಾಳಿಯನ್ನು ಸಾಕ್ಷಿಯ ಕಟಕಟೆಗೆ ತಂದರೆ ಕಾಕತಾಳೀಯದ ಶಂಕೆ ತಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನ್ಯೂ ಆರ್ಲಿಯನ್ಸ್ ಮುಳುಗಿದ್ದು ಪ್ರಧಾನವಾಗಿ ಅದರ ಒಡ್ಡುಗಳೂ ಪ್ರವಾಹಗೋಡೆಗಳೂ ಒಡೆದುದರಿಂದ. ಜೌಗುನೆಲ ಕರಗಿದ್ದರಲ್ಲಿ ನದಿಗೆ ಕಟ್ಟಿದ ಒಡ್ಡುಗಳ, ತೋಡಿದ ಕಾಲುವೆಗಳ, ಕುಸಿಯುತ್ತಿರುವ ಭೂಮಿಯ ಪಾಲು ದೊಡ್ಡದು. ವಾಹನಗಳ ಹೊಗೆಗೆ ಮಿತಿ ಹಾಕಿದ್ದರೆ ಆ ಗೋಡೆಗಳು ನಿಲ್ಲುತ್ತಿದ್ದುವೇ ಎಂದು ಯಾರಾದರೂ ಕೇಳಿದ್ದರೆ ತೀರ್ಪಿನಲ್ಲಿ ಉತ್ತರವಿಲ್ಲ.

ಅಚ್ಚರಿಯೆಂದರೆ, ಇದಕ್ಕಿಂತ ಉತ್ತಮವಾದ ಪ್ರಮಾಣ ಆ ವೇಳೆಗಾಗಲೆ ಸಿದ್ಧವಿತ್ತು. ೨೦೦೩ರ ಬೇಸಗೆಯಲ್ಲಿ ಯೂರೋಪಿನಲ್ಲಿ ಸಹಸ್ರಾರು ಜನರನ್ನು ಬಲಿತೆಗೆದುಕೊಂಡ ಬಿಸಿಗಾಳಿಯನ್ನು ಕುರಿತು ಪೀಟರ್ ಸ್ಟಾಟ್, ಡೈಥಿ ಸ್ಟೋನ್, ಮೈಲ್ಸ್ ಆಲನ್ ಎಂಬ ಮೂವರು ವಿಜ್ಞಾನಿಗಳು ೨೦೦೪ರ ಕೊನೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದ್ದರು. ಈ ಬಿಸಿಗಾಳಿಗೆ ಮನುಷ್ಯನೇ ಕಾರಣನೋ ಎಂದು ಅವರು ಕೇಳಲಿಲ್ಲ. ಮನುಷ್ಯನ ಹೊಗೆಯಿಲ್ಲದ ಪ್ರಪಂಚವನ್ನು ಗಣಿತದಲ್ಲಿ ಕಲ್ಪಿಸಿ, ಅಂಥ ಬೇಸಗೆ ಅಲ್ಲಿ ಎಷ್ಟು ವಿರಳವಾಗಿರುತ್ತಿತ್ತೆಂದು ಲೆಕ್ಕ ಹಾಕಿದರು. ಸಂಭವ ಕನಿಷ್ಠಪಕ್ಷ ಇಮ್ಮಡಿಯಾಗಿದೆಯೆಂದು ಬಹುಮಟ್ಟಿನ ನಿಶ್ಚಯದಿಂದ ಹೇಳಿದರು. ಕಾಣದ ಎರಡನೆಯ ಪದಾರ್ಥವನ್ನು ಊಹಿಸುವ ಶಾಸ್ತ್ರೀಯ ಕ್ರಮ ಇದೇ. ತೀರ್ಪಿನ ತರ್ಕಕ್ಕೆ ಬೇಕಾಗಿದ್ದುದು ಈ ಬಗೆಯ ಆಧಾರ. ಅದು ಆಶ್ರಯಿಸಿದ್ದು ಕತ್ರೀನಾವನ್ನು.

ಇಷ್ಟಾದರೂ ಪ್ರತಿಪಕ್ಷದವರು ಕೇಳಬಹುದು: ನಿಮ್ಮದೆಲ್ಲ ಊಹೆಯ ಪ್ರಪಂಚಗಳ ಮಾತು, ಸರ್ಕಾರದ ಕಟ್ಟಳೆಯಿಂದ ಹವೆ ನಿಜವಾಗಿ ಬದಲಾದ ಒಂದು ಉದಾಹರಣೆಯನ್ನಾದರೂ ಕೊಡಿ. ಪ್ರಶ್ನೆ ನ್ಯಾಯವಾದುದು, ಉತ್ತರವೂ ಉಂಟು.

ಓಜೋನ್ ಪದರವನ್ನು ಕೊರೆಯುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ರಾಸಾಯನಿಕಗಳನ್ನು ನಿಷೇಧಿಸುವ ಮಾಂಟ್ರಿಯಲ್ ಒಪ್ಪಂದ ೧೯೮೭ರಲ್ಲಿ ಆಯಿತು. ಭಾರತ ೧೯೯೨ರಲ್ಲಿ ಅದನ್ನು ಸೇರಿತು. ಓಜೋನ್ ನಾಶದಿಂದ ದಕ್ಷಿಣ ಗೋಳಾರ್ಧದ ಎತ್ತರದ ಗಾಳಿಯ ಪ್ರವಾಹವು ಧ್ರುವದ ಕಡೆಗೆ ಸರಿಯುತ್ತಿತ್ತು. ಅದರೊಡನೆ ಮಳೆಯ ಪಟ್ಟೆಗಳೂ ಸರಿಯುತ್ತಿದ್ದುವು. ಸುಮಾರು ೨೦೦೦ದಿಂದೀಚೆಗೆ ಈ ಸರಿತ ನಿಂತಿದೆಯೆಂದೂ, ಅದಕ್ಕೆ ಒಪ್ಪಂದವೇ ಕಾರಣವೆಂದೂ ಅಂತರಾ ಬ್ಯಾನರ್ಜಿ ಮತ್ತು ಸಂಗಡಿಗರು ೨೦೨೦ರಲ್ಲಿ ತೋರಿಸಿದರು. ಆ ರಾಸಾಯನಿಕಗಳು ಪ್ರಬಲವಾದ ಹಸಿರುಮನೆ ಅನಿಲಗಳೂ ಹೌದು. ಒಪ್ಪಂದವಿಲ್ಲದಿದ್ದ ಪಕ್ಷದಲ್ಲಿ ಉಷ್ಣವಲಯದ ಚಂಡಮಾರುತಗಳು ತಲುಪಬಹುದಾದ ತೀವ್ರತೆಯ ಮಿತಿ ಈ ಶತಮಾನದ ನಡುವಿನ ಹೊತ್ತಿಗೆ ಬಹಳ ಮೇಲಕ್ಕೆ ಹೋಗುತ್ತಿತ್ತೆಂದು ೨೦೧೬ರ ಇನ್ನೊಂದು ಅಧ್ಯಯನ ಗಣಿಸಿದೆ. ಕಟ್ಟಳೆಯು ಹವೆಯನ್ನು ಮುಟ್ಟಲಾರದೆಂಬ ಮಾತು ಇಲ್ಲಿಗೇ ಮುಗಿಯಿತು.

ಎರಡನೆಯ ಉದಾಹರಣೆ ಇನ್ನೂ ಸ್ವಾರಸ್ಯವಾದುದು, ಏಕೆಂದರೆ ಅದು ಯಾವ ಪಕ್ಷಕ್ಕೂ ಹಿತವಾದುದಲ್ಲ. ಕಲ್ಲಿದ್ದಲು ಮತ್ತು ಎಣ್ಣೆ ಉರಿದಾಗ ಹೊರಬರುವ ಗಂಧಕದ ಡೈಆಕ್ಸೈಡು ಗಾಳಿಯಲ್ಲಿ ಸೂಕ್ಷ್ಮ ಕಣಗಳಾಗಿ, ಸೂರ್ಯನ ಬೆಳಕನ್ನು ಹಿಂದಕ್ಕೆ ಎರಚಿ, ಭೂಮಿಯನ್ನು ತಂಪಾಗಿಸುತ್ತದೆ. ಇದರ ಆಯುಸ್ಸು ಕೆಲವೇ ದಿನಗಳದು, ಹೆಚ್ಚೆಂದರೆ ಕೆಲವು ವಾರಗಳದು. ಆದುದರಿಂದ ಕಟ್ಟಳೆಯ ಫಲ ತಡವಿಲ್ಲದೆ ಕಾಣುತ್ತದೆ. ಅಮೆರಿಕದ ೧೯೭೦ರ ಶುದ್ಧವಾಯು ಕಾಯಿದೆ, ಯೂರೋಪಿನ ದೇಶಗಳು ೧೯೮೫ರಲ್ಲಿ ಹೆಲ್ಸಿಂಕಿಯಲ್ಲಿ ಒಪ್ಪಿದ ಗಂಧಕದ ನಿಯಮ, ಅಮೆರಿಕದಲ್ಲೇ ೧೯೯೦ರಲ್ಲಿ ಆಮ್ಲಮಳೆಯನ್ನು ತಡೆಯಲು ಬಂದ ತಿದ್ದುಪಡಿ, ಇವೆಲ್ಲ ಜನರ ಶ್ವಾಸಕೋಶಗಳನ್ನೂ ಕಾಡುಕೆರೆಗಳನ್ನೂ ಉಳಿಸಲೆಂದು ಹುಟ್ಟಿದುವು. ಹವೆಯನ್ನು ಬದಲಿಸುವ ಸಂಕಲ್ಪ ಅವುಗಳ ಕರ್ತೃಗಳಲ್ಲಿ ಯಾರಿಗೂ ಇರಲಿಲ್ಲ. ಆದರೆ ಹವೆ ಬದಲಾಯಿತು. ಉತ್ತರ ಅಟ್ಲಾಂಟಿಕ್ ಸಾಗರದ ಮೇಲಣ ಮುಸುಕು ತೆಳುವಾಗಿ ನೀರು ಕಾದು, ೧೯೮೦ರಿಂದೀಚೆಗೆ ಅಲ್ಲಿ ಚಂಡಮಾರುತಗಳು ಹೆಚ್ಚಿದುವು. ಅಮೆರಿಕ ಯೂರೋಪುಗಳ ಕಣಮಾಲಿನ್ಯ ಅರ್ಧಕ್ಕಿಳಿದುದಕ್ಕೂ ಅಟ್ಲಾಂಟಿಕ್ಕಿನ ಉಷ್ಣವಲಯದ ಚಂಡಮಾರುತಗಳಲ್ಲಿ ಶೇಕಡ ೩೩ರಷ್ಟು ಏರಿಕೆಗೂ ಸಂಬಂಧವಿದೆಯೆಂದು ಹಿರೊಯುಕಿ ಮುರಕಾಮಿಯವರ ೨೦೨೨ರ ಅಧ್ಯಯನ ಮಾದರಿಗಣಿತದಿಂದ ಹೇಳುತ್ತದೆ. ಏಷ್ಯದಲ್ಲಿ ಅದೇ ಮಾಲಿನ್ಯ ಶೇಕಡ ೪೦ರಷ್ಟು ಏರಿದುದಕ್ಕೂ ಪಶ್ಚಿಮ ಪೆಸಿಫಿಕ್ಕಿನಲ್ಲಿ ಅವು ಶೇಕಡ ೧೪ರಷ್ಟು ಇಳಿದುದಕ್ಕೂ ಹಾಗೆಯೇ.

ಇದರಿಂದ ಹೊಗೆಯೇ ಒಳ್ಳೆಯದೆಂಬ ನಿರ್ಣಯಕ್ಕೆ ಹಾರುವವರು ಉಂಟು. ಅವರು ಸಹಾರದ ಅಂಚಿನ ಸಾಹೆಲ್ ಪ್ರದೇಶವನ್ನು ನೋಡಬೇಕು. ೧೯೭೦ ಮತ್ತು ೧೯೮೦ರ ದಶಕಗಳಲ್ಲಿ ಅಲ್ಲಿ ಲಕ್ಷಾಂತರ ಜನರನ್ನು ಹಸಿವಿಗೆ ತಳ್ಳಿದ ಅನಾವೃಷ್ಟಿಗೆ ಉತ್ತರದ ಕೈಗಾರಿಕೆಗಳ ಇದೇ ಕಣಗಳು ಒಂದು ಕಾರಣವೆಂದೂ, ಅವು ಕಡಮೆಯಾದ ಮೇಲೆ ಮಳೆ ಚೇತರಿಸಿಕೊಂಡಿತೆಂದೂ ವಿಜ್ಞಾನಿಗಳು ಕಂಡಿದ್ದಾರೆ. ನಮ್ಮ ದೇಶಕ್ಕೂ ಈ ಮಾತು ಹತ್ತಿರದ್ದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಏಷ್ಯದ ಮುಂಗಾರು ಕುಗ್ಗಿದುದಕ್ಕೆ ಮನುಷ್ಯಕೃತವಾದ ಕಣಗಳೇ ಮುಖ್ಯ ಕಾರಣವೆಂದು ಬೊಲ್ಲಾಸಿನಾ, ಮಿಂಗ್, ರಾಮಸ್ವಾಮಿ ಎಂಬುವರು ೨೦೧೧ರಲ್ಲಿ ಪ್ರತಿಪಾದಿಸಿದರು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಂದ ಬರುವ ಗಂಧಕಕ್ಕೆ ಭಾರತ ಸರ್ಕಾರ ೨೦೧೫ರಲ್ಲಿ ಮಿತಿ ಗೊತ್ತುಮಾಡಿತು. ಗಡುವುಗಳನ್ನು ಮತ್ತೆಮತ್ತೆ ಮುಂದೂಡಿ, ೨೦೨೫ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಕೊಟ್ಟಿತು. ಆ ಚರ್ಚೆಯಲ್ಲಿ ವಿದ್ಯುತ್ತಿನ ದರ, ಯಂತ್ರದ ವೆಚ್ಚ, ಗಾಳಿಯ ನೈರ್ಮಲ್ಯಗಳ ಮಾತು ಬೇಕಾದಷ್ಟು ಬಂತು. ಮುಂಗಾರಿನ ಮಾತಿಗೆ ಅದರಲ್ಲಿ ಸಲ್ಲಬೇಕಾದಷ್ಟು ಸ್ಥಾನ ದೊರೆಯಲಿಲ್ಲವೆಂದು ನಮಗೆ ತೋರುತ್ತದೆ.

ಈ ಎರಡು ಉದಾಹರಣೆಗಳನ್ನು ತೀರ್ಪಿನ ಪಕ್ಕದಲ್ಲಿಟ್ಟು ನೋಡಿದಾಗ, ಅದರಲ್ಲಿ ಕಾಣದಿದ್ದ ಒಂದು ವಿವೇಚನೆ ಸ್ಪಷ್ಟವಾಗುತ್ತದೆ. ಕಟ್ಟಳೆಯ ಫಲ ಎಷ್ಟು ಬೇಗ, ಯಾವ ರೂಪದಲ್ಲಿ ಹವೆಯನ್ನು ಮುಟ್ಟುವುದೆಂಬುದು ಕಟ್ಟಳೆ ಹಿಡಿದ ವಸ್ತುವಿನ ಆಯುಸ್ಸಿನ ಮೇಲೆ ನಿಂತಿದೆ. ಗಂಧಕಕ್ಕೆ ದಿನಗಳ ಆಯುಸ್ಸು, ಮೀಥೇನಿಗೆ ಸುಮಾರು ಹನ್ನೆರಡು ವರ್ಷ, ಇಂಗಾಲದ ಡೈಆಕ್ಸೈಡಿಗೆ ಮನುಷ್ಯನ ಎಣಿಕೆಗೆ ಮೀರಿದ ಕಾಲ. ಮೀಥೇನನ್ನು ನಿಗ್ರಹಿಸಿದರೆ ಅದರ ಪಾಲಿನ ಕಾವು ನಿಜವಾಗಿ ಇಳಿಯುತ್ತದೆ; ಅಲ್ಲಿ 'ತಗ್ಗಿಸು' ಎಂಬ ಕ್ರಿಯಾಪದಕ್ಕೆ ಪೂರ್ಣಾರ್ಥವುಂಟು. ಇಂಗಾಲದ ಡೈಆಕ್ಸೈಡಿನಲ್ಲಿ 'ನಿಧಾನಗೊಳಿಸು', ಕೊನೆಗೆ 'ನಿಲ್ಲಿಸು', ಇವೆರಡೇ ಸಲ್ಲುತ್ತವೆ. ಸ್ಟೀವನ್ಸರ 'ಅಥವಾ' ಮುಚ್ಚಿಬಿಟ್ಟುದು ಈ ತಾರತಮ್ಯವನ್ನು. ವಾಹನದ ಹೊಗೆಯಲ್ಲಿ ಪ್ರಧಾನವಾದುದು ಇಂಗಾಲದ ಡೈಆಕ್ಸೈಡು. ಆದುದರಿಂದ ಅವರು ಬರೆಯಬೇಕಾಗಿದ್ದುದು ಒಂದೇ ಕ್ರಿಯಾಪದ.

ಪಾಲಿನ ವಾದವನ್ನು ಇನ್ನೂ ಸ್ವಲ್ಪ ನೋಡಬೇಕು, ಏಕೆಂದರೆ ಅದು ಸೋತರೂ ಸಾಯದ ವಾದ. ನೆದರ್‌ಲೆಂಡ್ಸಿನ ಅರ್ಜೆಂಡಾ ವ್ಯಾಜ್ಯದಲ್ಲಿ, ಪ್ರಪಂಚದ ಉತ್ಸರ್ಜನೆಯಲ್ಲಿ ನಮ್ಮದು ಶೇಕಡ ಅರ್ಧದಷ್ಟೂ ಆಗದೆಂಬ ಅರ್ಥದ ಸಮಾಧಾನವನ್ನು ಸರ್ಕಾರ ಕೊಟ್ಟಿತು. ೨೦೧೯ರ ಡಿಸೆಂಬರ್ ೨೦ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪದೆ, ೨೦೨೦ರ ಕೊನೆಯೊಳಗೆ ೧೯೯೦ರ ಮಟ್ಟಕ್ಕಿಂತ ಶೇಕಡ ೨೫ರಷ್ಟು ಇಳಿಸಲೇಬೇಕೆಂಬ ಆಜ್ಞೆಯನ್ನು ಎತ್ತಿಹಿಡಿಯಿತು. ೨೦೨೫ರ ಜುಲೈಯಲ್ಲಿ ಅಮೆರಿಕದ ಇಂಧನ ಇಲಾಖೆಗಾಗಿ ಐವರು ಬರೆದ ವರದಿಯಲ್ಲಿ ಅದೇ ವಾದ ಮತ್ತೆ ಎದ್ದಿತು: ಅಮೆರಿಕವೊಂದೇ ಕೈಗೊಳ್ಳುವ ಕ್ರಮದಿಂದ ಲೋಕದ ವಾಯುಗುಣದ ಮೇಲಾಗುವ ಪರಿಣಾಮ ಪತ್ತೆಹಚ್ಚಲಾಗದಷ್ಟು ಚಿಕ್ಕದು, ಅದೂ ಬಹಳ ತಡವ. ೨೦೦೭ರ ತೀರ್ಪಿನ ಫಲವಾಗಿ ೨೦೦೯ರಲ್ಲಿ ಪರಿಸರ ರಕ್ಷಣಾ ಸಂಸ್ಥೆ ಮಾಡಿದ್ದ ಘೋಷಣೆಯನ್ನು ಹಿಂತೆಗೆದುಕೊಳ್ಳುವ ಪ್ರಸ್ತಾವವೂ ಅದೇ ತಿಂಗಳು ಹೊರಬಿದ್ದಿತು. 'ಪತ್ತೆಯಾಗದ್ದು' ಎಂಬುದು ಉಪಕರಣದ ಗುಣ, 'ಇಲ್ಲದ್ದು' ಎಂಬುದು ವಸ್ತುವಿನ ಗುಣ. ಒಂದರಿಂದ ಇನ್ನೊಂದಕ್ಕೆ ದಾಟಲು ವರದಿ ಸೇತುವೆಯನ್ನೇನೂ ಕಟ್ಟಿಲ್ಲ. ಹಾಗೆ ನೋಡಿದರೆ ೧೯೭೮ರಲ್ಲಿ ಅಮೆರಿಕ ತುಂತುರುಡಬ್ಬಿಗಳಲ್ಲಿ ಕ್ಲೋರೋಫ್ಲೋರೋಕಾರ್ಬನ್ನಿನ ಅನಾವಶ್ಯಕ ಬಳಕೆಯನ್ನು ತಾನಾಗಿ ನಿಷೇಧಿಸಿದಾಗ, ಆ ಕ್ರಮದ ಫಲ ದಕ್ಷಿಣ ಧ್ರುವದ ಆಕಾಶದಲ್ಲಿ ಯಾವ ಉಪಕರಣಕ್ಕೂ ಕಾಣುವಂತಿರಲಿಲ್ಲ. ಒಂಬತ್ತು ವರ್ಷಗಳ ಮೇಲೆ ಮಾಂಟ್ರಿಯಲ್ಲಿನಲ್ಲಿ ಇತರರನ್ನು ಒಪ್ಪಿಸಲು ಮಾತ್ರ ಅದು ಸಹಾಯಕ್ಕೆ ಬಂದಿತು.

ಕಟ್ಟಳೆಗಳ ನಿಜವಾದ ದೌರ್ಬಲ್ಯವನ್ನು ಹುಡುಕುವವರು ಆಕಾಶವನ್ನು ಬಿಟ್ಟು ಕಡತಗಳನ್ನು ನೋಡುವುದು ಮೇಲು. ನಲವತ್ತೊಂದು ದೇಶಗಳ ಸುಮಾರು ೧,೫೦೦ ಕ್ರಮಗಳನ್ನು ಪರೀಕ್ಷಿಸಿದ ೨೦೨೪ರ ಅಧ್ಯಯನವೊಂದಕ್ಕೆ, ಉತ್ಸರ್ಜನೆ ಗಣನೀಯವಾಗಿ ಇಳಿದ ಸಂದರ್ಭಗಳು ದೊರೆತುದು ೬೩ ಮಾತ್ರ. ಅವುಗಳಲ್ಲಿ ಹೆಚ್ಚಿನವು ಒಂಟಿ ನಿಯಮದಿಂದಲ್ಲ, ತೆರಿಗೆಯೂ ನಿಯಮವೂ ಕೂಡಿದ್ದರಿಂದ ಬಂದುವು. ಬ್ರಿಟನ್ನಿನಲ್ಲಿ ಇಂಗಾಲಕ್ಕೆ ಬೆಲೆ ಕಟ್ಟಿ, ಸ್ಥಾವರಗಳಿಗೆ ಮಿತಿ ಹಾಕಿ, ಮುಚ್ಚುವ ದಿನವನ್ನೂ ಮೊದಲೇ ಸಾರಿದ್ದರಿಂದ ೨೦೨೪ರ ಸೆಪ್ಟೆಂಬರ್ ೩೦ರಂದು ಅಲ್ಲಿನ ಕೊನೆಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಆರಿತು. ಕಾಗದದ ಮೇಲೆ ಉಳಿದ ಕಟ್ಟಳೆಯಿಂದ ಹವೆ ಬದಲಾಗದೆಂಬುದಕ್ಕೆ ಮಾತ್ರ ಯಾರ ಆಕ್ಷೇಪವೂ ಇರಲಾರದು.

ಹವೆಯನ್ನಲ್ಲ, ಹವೆಯಿಂದಾಗುವ ಹಾನಿಯನ್ನು ತಗ್ಗಿಸುವ ಕಟ್ಟಳೆಗಳೂ ಉಂಟಲ್ಲವೆ ಎಂದು ಕೇಳಬಹುದು. ಉಂಟು, ಅವುಗಳ ಸಾಕ್ಷ್ಯ ನಮ್ಮ ದೇಶದಲ್ಲೇ ಇದೆ. ಒಡಿಶಾದಲ್ಲಿ ೧೯೯೯ರ ಮಹಾಚಂಡಮಾರುತ ಸುಮಾರು ಹತ್ತುಸಾವಿರ ಜನರನ್ನು ಕೊಂದಿತು. ೨೦೧೩ರ ಫೈಲಿನ್ ಚಂಡಮಾರುತಕ್ಕೆ ಮುಂಚೆ ಲಕ್ಷಾಂತರ ಜನರನ್ನು ತೆರವುಗೊಳಿಸಿದುದರಿಂದ ಸತ್ತವರು ಕೆಲವು ಹತ್ತುಗಳಲ್ಲಿ ನಿಂತರು. ಇದು ಬೇರೆ ಪ್ರಶ್ನೆಗೆ ಉತ್ತರ. ಕತ್ರೀನಾವನ್ನು ಉಲ್ಲೇಖಿಸಿದ ಅಡಿಟಿಪ್ಪಣಿ ಎಡವಿದುದು ಈ ಎರಡು ಪ್ರಶ್ನೆಗಳ ನಡುವಣ ಕಂದಕದಲ್ಲೇ.

ಈ ತೀರ್ಪನ್ನು ತರಗತಿಯಲ್ಲಿ ಓದಿಸುವ ಅಧ್ಯಾಪಕರು ಅದರ ಜೊತೆಗೆ ಅಂತರರಾಷ್ಟ್ರೀಯ ನ್ಯಾಯಾಲಯವು ೨೦೨೫ರ ಜುಲೈ ೨೩ರಂದು ಕೊಟ್ಟ ಸಲಹಾಭಿಪ್ರಾಯವನ್ನೂ ಇಟ್ಟುಕೊಳ್ಳುವುದು ಲೇಸು. ವನುಆಟು ದ್ವೀಪರಾಷ್ಟ್ರದ ಮುಂದಾಳುತನದಿಂದ ಆ ಪ್ರಶ್ನೆ ಹೇಗ್ ನಗರವನ್ನು ತಲುಪಿತು. ಒಂದು ಹವೆಯ ಘಟನೆಯನ್ನು ಮನುಷ್ಯಕೃತವಾದ ವಾಯುಗುಣದ ಬದಲಾವಣೆಗೆ ಹೊಂದಿಸುವುದು ಒಂದು ಕೊಂಡಿ, ಅದರಿಂದಾದ ಹಾನಿಯನ್ನು ನಿರ್ದಿಷ್ಟ ರಾಷ್ಟ್ರವೊಂದಕ್ಕೆ ಹೊಂದಿಸುವುದು ಇನ್ನೊಂದು ಕೊಂಡಿ ಎಂದು ಅಲ್ಲಿ ಬಿಡಿಸಿ ಹೇಳಿದೆ. ಮೊದಲನೆಯದನ್ನು ವಿಜ್ಞಾನದಿಂದಲೂ ಎರಡನೆಯದನ್ನು ಆಯಾ ಪ್ರಕರಣದ ಸಂಗತಿಗಳಿಂದಲೂ ನಿರ್ಣಯಿಸಬೇಕೆಂದಿದೆ. ೨೦೦೭ರಲ್ಲಿ ಸ್ಟೀವನ್ಸರೂ ರಾಬರ್ಟ್ಸರೂ ಒಂದೇ ಸರಪಣಿಯೆಂದು ಭಾವಿಸಿ ಎರಡು ತುದಿಗಳಿಂದ ಎಳೆದಾಡಿದುದು ಈ ಎರಡು ಕೊಂಡಿಗಳನ್ನೇ.